ಮಾದರಿ ಕಾರಿನ ತುಕ್ಕು ಕೆಸರಿನಂತೆ ಕಾಣುವುದೇಕೆ?

ಪ್ರಶ್ನೆ: 1/24 ಅಳತೆಯ ಪ್ಲಾಸ್ಟಿಕ್ ಕಿಟ್‌ನಿಂದ 1960ರ ದಶಕದ ಸೆಡಾನ್ ಕಾರೊಂದನ್ನು ಜೋಡಿಸಿದ್ದೇನೆ. ವರ್ಷಗಟ್ಟಲೆ ಬಯಲಲ್ಲಿ ಬಿದ್ದು ತುಕ್ಕು ಹಿಡಿದ ಕಾರಿನ ಹಾಗೆ ಕಾಣಲಿ ಎಂದು ಬಾಡಿಯ ಮೇಲೆ ಕಂದು ಮತ್ತು ಕಿತ್ತಳೆ ಅಕ್ರಿಲಿಕ್ ಬಣ್ಣ ಹಚ್ಚಿ, ಮೇಲೆ ತುಕ್ಕು ಬಣ್ಣದ ಪಿಗ್ಮೆಂಟ್ ಪುಡಿ ಉದುರಿಸಿದೆ. ತುಕ್ಕಿನ ಬದಲು ಕೆಸರು ಮೆತ್ತಿದ ಹಾಗೆ ಕಾಣುತ್ತಿದೆ. ಪುಡಿ ನಿಲ್ಲಲೆಂದು ವಾರ್ನಿಷ್ ಹೊಡೆದರೆ ಅದೂ ಮಾಯವಾಯಿತು. ಎಲ್ಲಿ ತಪ್ಪುತ್ತಿದ್ದೇನೆ? ನಿಜವಾದ ತುಕ್ಕನ್ನೇ ಬೆಳೆಸಿ ಹಚ್ಚಬಹುದೇ?

ಉತ್ತರ: ನೀವು ಆರಿಸಿಕೊಂಡ ಬಣ್ಣಗಳು ಸರಿಯಾಗಿಯೇ ಇವೆ, ಅವು ಬಿದ್ದ ಕ್ರಮ ಮಾತ್ರ ಹಿಂದುಮುಂದಾಗಿದೆ. ಕೆಸರು ಹೊರಗಿನಿಂದ ಬಂದು ಕಾರಿನ ಮೇಲೆ ಕೂರುತ್ತದೆ. ತುಕ್ಕು ಬಣ್ಣದ ಅಡಿಯಲ್ಲಿ ಹುಟ್ಟಿ ಬಣ್ಣವನ್ನು ಸೀಳಿಕೊಂಡು ಹೊರಬರುತ್ತದೆ. ಮಾದರಿಯಲ್ಲಿ ತುಕ್ಕನ್ನು ಕೊನೆಗೆ ಮೇಲಿನಿಂದ ಹಚ್ಚಿದರೆ, ಬಣ್ಣ ಎಷ್ಟೇ ಸರಿಯಿದ್ದರೂ ನೋಡುವವರ ಕಣ್ಣು ಅದನ್ನು ಕೊಳೆ ಎಂದೇ ಓದುತ್ತದೆ. ಹಾಗಾಗಿ ತುಕ್ಕನ್ನು ಮೊದಲು ಮಾಡಿ, ಅದರ ಮೇಲೆ ಕಾರಿನ ಬಣ್ಣ ಹೊಡೆದು, ಆಮೇಲೆ ಆ ಬಣ್ಣವನ್ನು ಬೇಕಾದ ಕಡೆ ಕಳಚಬೇಕು.

ನಿಜವಾದ ಕಾರಿನಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ, ಮುಂದಿನ ಕೈಕೆಲಸವೆಲ್ಲ ಅದರಿಂದಲೇ ಹೊರಡುತ್ತದೆ. ಉಕ್ಕಿಗೆ ನೀರು ಮತ್ತು ಆಮ್ಲಜನಕ ಎರಡೂ ತಾಗಿದಾಗ ಕಬ್ಬಿಣದ ಆಕ್ಸೈಡ್ ಹುಟ್ಟುತ್ತದೆ. ಉಪ್ಪು ಸೇರಿದರೆ ಆ ಕೆಲಸ ಇನ್ನೂ ಬೇಗ ಸಾಗುತ್ತದೆ. ಹುಟ್ಟಿದ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಜಾಗಕ್ಕಾಗಿ ಅದು ಬಣ್ಣವನ್ನು ಮೇಲಕ್ಕೆ ಒತ್ತುತ್ತದೆ. ಮೊದಲು ಸಣ್ಣ ಗುಳ್ಳೆ ಏಳುತ್ತದೆ, ಗುಳ್ಳೆಯ ನೆತ್ತಿ ಬಿರಿಯುತ್ತದೆ, ಬಿರುಕಿನಿಂದ ಇನ್ನಷ್ಟು ನೀರು ಒಳಗಿಳಿಯುತ್ತದೆ, ಕೊನೆಗೆ ಬಣ್ಣದ ಚಕ್ಕೆ ಉದುರಿ ಬೀಳುತ್ತದೆ. ಹಳೆಯ ಕಾರಿನ ಬಾಗಿಲ ಕೆಳ ಅಂಚನ್ನು ಹತ್ತಿರದಿಂದ ನೋಡಿದರೆ ಈ ಹಂತಗಳೆಲ್ಲ ಒಂದೇ ಅಂಗೈಯಗಲದಲ್ಲಿ ಸಿಗುತ್ತವೆ. ನಟ್ಟನಡುವೆ ಉಕ್ಕು ತಿಂದುಹೋದ ತೂತು, ಅದರ ಸುತ್ತ ಪದರ ಪದರವಾಗಿ ಏಳುತ್ತಿರುವ ಕಡುಗಂದು ತುಕ್ಕು, ಅದರಾಚೆ ತೆಳ್ಳಗೆ ಕಿತ್ತಳೆ. ಮುಂದೆ ಬಣ್ಣದ ಅಡಿಗೆ ಬಳಿಯುವ ಪ್ರೈಮರ್‌ನ ಬೂದು ಅಥವಾ ಇಟ್ಟಿಗೆಗೆಂಪಿನ ಗೆರೆ, ಅದಕ್ಕೂ ಆಚೆ ಅಂಚು ಮೇಲೆದ್ದ ಕಾರಿನ ಬಣ್ಣ, ಕೊನೆಯಲ್ಲಿ ಇನ್ನೂ ಒಡೆಯದ ಒಂದೆರಡು ಗುಳ್ಳೆ. ಒಂದು ಕಲೆಯಲ್ಲಿ ಇಷ್ಟನ್ನು ತೋರಿಸಿದರೆ ಸಾಕು, ಉಳಿದ ಕಾರೂ ಹಳೆಯದೆಂದು ಕಣ್ಣು ನಂಬುತ್ತದೆ.

ಬ್ರಷ್ ಹಿಡಿಯುವ ಮೊದಲು ಕಾರನ್ನು ಮುಂದಿಟ್ಟುಕೊಂಡು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರ ಮೇಲೆ ಮಳೆ ಬಿದ್ದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ? ಹರಿದುಹೋದ ಕಡೆ ಕಾರು ಉಳಿಯುತ್ತದೆ, ನಿಂತ ಕಡೆ ಕೊಳೆಯುತ್ತದೆ. ಬಾಗಿಲೊಳಗೆ ಇಳಿದ ನೀರು ತಳದಲ್ಲಿ ಸೇರುವುದರಿಂದ ಬಾಗಿಲ ಕೆಳ ಅಂಚು, ಅದರ ಕೆಳಗಿನ ಉದ್ದ ಪಟ್ಟಿ, ಚಕ್ರ ಎರಚಿದ ಮಣ್ಣು ಒದ್ದೆಯಾಗಿಯೇ ಉಳಿಯುವ ಮಡ್‌ಗಾರ್ಡ್‌ನ ಒಳಬಾಗು, ಗಾಜಿನ ರಬ್ಬರ್ ಬೀಡಿಂಗ್‌ನ ಅಡಿ, ಡಿಕ್ಕಿಯ ನೆಲ, ಆಸಿಡ್ ಸೋರುವ ಬ್ಯಾಟರಿ ಟ್ರೇ, ಇವೆಲ್ಲ ತುಕ್ಕಿನ ತವರು. ಕ್ರೋಮ್ ಪಟ್ಟಿ ಸಿಕ್ಕಿಸಲು ಕೊರೆದ ತೂತುಗಳ ಸುತ್ತಲೂ ಹಾಗೇ. ಬಾಗಿಲ ನಡುಭಾಗ ಮಾತ್ರ ಬಹುಕಾಲ ಗಟ್ಟಿಯಾಗಿಯೇ ಇರುತ್ತದೆ. ಅಲ್ಲಿ ತುಕ್ಕು ಬೇಕೆಂದರೆ ಅದಕ್ಕೊಂದು ಗೀರಲಿನ ಅಥವಾ ತಗ್ಗಿನ ನೆಪ ಬೇಕು. ಒಂದು ಕಾಗದದ ಮೇಲೆ ಕಾರಿನ ಪಕ್ಕನೋಟ ಬರೆದು ಪೆನ್ಸಿಲ್‌ನಿಂದ ಈ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಗುರುತಿಲ್ಲದ ಕಡೆ ಕೈ ಹಾಕಬೇಡಿ. ತುಕ್ಕು ಹಿಡಿಯದ ಜಾಗ ಎದ್ದು ಕಂಡಷ್ಟೂ ಹಿಡಿದ ಜಾಗಕ್ಕೆ ಬೆಲೆ ಬರುತ್ತದೆ.

ಯಾವ ಕಾರು ಎಂಬುದನ್ನೂ ನೋಡಬೇಕು. 1953ರಲ್ಲಿ ಬಂದ ಶೆವರ್ಲೆ ಕಾರ್ವೆಟ್‌ನ ಬಾಡಿ ಫೈಬರ್‌ಗ್ಲಾಸ್, ಅದು ಬಿರಿಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಹಳೆಯ ಲ್ಯಾಂಡ್ ರೋವರ್‌ಗಳ ಹೊರಹಾಳೆಗಳು ಬಹುತೇಕ ಅಲ್ಯೂಮಿನಿಯಂ ಮಿಶ್ರಲೋಹ, ತುಕ್ಕೆಲ್ಲ ಅಡಿಯ ಉಕ್ಕಿನ ಚಾಸಿಯಲ್ಲಿ. ಡೆಲೊರಿಯನ್‌ನ ಹೊರಮೈ ಸ್ಟೇನ್‌ಲೆಸ್ ಸ್ಟೀಲ್. ಇಂಥವುಗಳ ಬಾಗಿಲಿಗೆ ಕಿತ್ತಳೆ ಹಚ್ಚಿದರೆ ಕಾರು ಬಲ್ಲವರಿಗೆ ಅಲ್ಲೇ ಗೊತ್ತಾಗುತ್ತದೆ. ಉಕ್ಕಿನ ಕಾರಿನಲ್ಲೂ ಸತು ಮಿಶ್ರಲೋಹದಲ್ಲಿ ಎರಕ ಹೊಯ್ದ ಹಿಡಿಕೆಗಳು ಬೂದುಬಣ್ಣಕ್ಕೆ ತಿರುಗಿ ಗುಳಿ ಬೀಳುತ್ತವೆಯೇ ಹೊರತು ಕಿತ್ತಳೆಯಾಗುವುದಿಲ್ಲ.

ಇನ್ನು ದಪ್ಪದ ವಿಷಯ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬಣ್ಣಕ್ಕಿಂತ ಇದೇ ಮಾದರಿಯ ಗುಟ್ಟು ಬಿಟ್ಟುಕೊಡುತ್ತದೆ. ಕಾರಿನ ಉಕ್ಕಿನ ಹಾಳೆ ಸುಮಾರು 0.8 ಮಿ.ಮೀ. 1/24ಕ್ಕೆ ಇಳಿಸಿದರೆ ಅದು 0.03 ಮಿ.ಮೀ. ಚಿಲ್ಲರೆ. ಕಿಟ್‌ನ ಪ್ಲಾಸ್ಟಿಕ್ ಒಂದು ಮಿ.ಮೀ. ಇದ್ದರೂ ನಿಜದ ಅಳತೆಯಲ್ಲಿ 24 ಮಿ.ಮೀ. ದಪ್ಪದ ಹಾಳೆಯಾಯಿತು. ಅದರಲ್ಲಿ ಸುಮ್ಮನೆ ತೂತು ಕೊರೆದರೆ ಗೋಡೆಗೆ ಕಿಂಡಿ ಕೊರೆದಂತೆ ಕಾಣುತ್ತದೆ. ತೂತು ಬೇಕಾದ ಕಡೆ ಒಳಬದಿಯಿಂದ ರೋಟರಿ ಟೂಲ್‌ನ (ಗಿರಗಿರನೆ ತಿರುಗುವ ಪುಟ್ಟ ಕೈಯಂತ್ರ) ಉರುಟು ಬಿಟ್‌ನಲ್ಲಿ, ಕಡಿಮೆ ವೇಗದಲ್ಲಿ ಕೆರೆಯುತ್ತ ಬನ್ನಿ. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ. ಆಗಾಗ ಬಲ್ಬಿನ ಎದುರು ಹಿಡಿದು ನೋಡಿ. ಬೆಳಕು ಹೊರಗೆ ಹಾಯುವಷ್ಟು ತೆಳುವಾದಾಗ ನಿಲ್ಲಿಸಿ, ಬ್ಲೇಡಿನ ತುದಿಯಿಂದ ಹೊರಗಿನಿಂದ ಚುಚ್ಚಿ ಅಂಚನ್ನು ಅಂಕುಡೊಂಕಾಗಿ ಮುರಿಯಿರಿ. ಬಾಗಿಲ ಕೆಳಗಿನ ಪಟ್ಟಿ ಪೂರ್ತಿ ಕೊಳೆತಿರಬೇಕಾದರೆ ಆ ತುಂಡನ್ನೇ ಕತ್ತರಿಸಿ ತೆಗೆದು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಮಾಡಿಕೊಳ್ಳಿ. ಮನೆಬಳಕೆಯ ಫಾಯಿಲ್ ಎರಡು ಪದರ ಸೇರಿದರೆ ನಮಗೆ ಬೇಕಾದ ದಪ್ಪಕ್ಕೆ ಹತ್ತಿರ ಬರುತ್ತದೆ, ಹರಿದರೆ ಲೋಹದ ಹಾಗೆಯೇ ಹರಿಯುತ್ತದೆ.

ಉಜ್ಜುವಾಗ ಎದ್ದ ಪ್ಲಾಸ್ಟಿಕ್ ಧೂಳು, ಮುಂದೆ ಹೇಳುವ ಪಿಗ್ಮೆಂಟ್ ಪುಡಿ, ಎರಡೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಳ್ಳಿ. ಲ್ಯಾಕರ್ ಮತ್ತು ಥಿನ್ನರ್ ಕೆಲಸ ಕಿಟಕಿ ತೆರೆದಿಟ್ಟೇ ಆಗಬೇಕು.

ತುಕ್ಕಿನ ಒರಟುತನಕ್ಕೆ ಪ್ಲಾಸ್ಟಿಕ್ ಅಂಟಿಸುವ ತೆಳು ಸಿಮೆಂಟನ್ನೇ ಬಳಸಬಹುದು. ಗುರುತು ಮಾಡಿದ ಜಾಗಕ್ಕೆ ಅದನ್ನು ಸವರಿ, ಪ್ಲಾಸ್ಟಿಕ್ ಮೆತ್ತಗಾಗುವಾಗ ಗಟ್ಟಿ ಕೂದಲಿನ ಹಳೇ ಬ್ರಷ್‌ನಿಂದ ನೆಟ್ಟಗೆ ಕುಟ್ಟಿ. ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಗುಳ್ಳೆ ಬೇಕಾದ ಕಡೆ ತೆಳುಮಾಡಿದ ಪುಟ್ಟಿಯನ್ನು ಟೂತ್‌ಪಿಕ್ ತುದಿಯಿಂದ ಚುಕ್ಕೆಯಾಗಿ ಇಡಿ. ಆದರೆ ಅಳತೆ ಮರೆಯಬೇಡಿ: ಅರ್ಧ ಮಿ.ಮೀ. ಚುಕ್ಕೆಯೆಂದರೆ ನಿಜದಲ್ಲಿ 12 ಮಿ.ಮೀ. ಗುಳ್ಳೆ, ಅದಕ್ಕಿಂತ ದೊಡ್ಡದು ಅಪರೂಪ. ಅಡುಗೆ ಸೋಡಾವನ್ನು ಬಣ್ಣಕ್ಕೆ ಬೆರೆಸಿ ಬಳಿಯುವ ಪದ್ಧತಿಯೂ ಇದೆ. ಸೈಲೆನ್ಸರ್, ಚಾಸಿಯಂಥ ಕಡೆ ಅದು ನಡೆಯುತ್ತದೆ. ಬಾಡಿಯ ಮೇಲೆ ಅದರ ಕಾಳುಗಳು 1/24ಕ್ಕೆ ತೀರ ದಪ್ಪ ಎಂಬುದು ನನ್ನ ಅಭಿಪ್ರಾಯ.

ಈಗ ಬಣ್ಣ. ಹಳೆಯ ತುಕ್ಕು ಕಡುಗಂದು, ಕೆಲವೆಡೆ ಕಪ್ಪಿಗೆ ಹತ್ತಿರ. ಹೊಸ ತುಕ್ಕು ಕಿತ್ತಳೆ, ಹಳದಿ ಬೆರೆತದ್ದು. ಹೆಚ್ಚಿನ ಮಾದರಿಗಳಲ್ಲಿ ಕಿತ್ತಳೆ ಅತಿಯಾಗಿರುತ್ತದೆ, ನೀವು ಬರೆದದ್ದನ್ನು ನೋಡಿದರೆ ನಿಮ್ಮದರಲ್ಲೂ ಹಾಗೇ ಆಗಿರಬಹುದು. ಇಡೀ ತುಕ್ಕಿನ ಜಾಗಕ್ಕೆ ಮೊದಲು ಮಂಕಾದ ಕಡುಗಂದು ಹೊಡೆಯಿರಿ. ಪ್ಯಾಕಿಂಗ್‌ಗೆ ಬರುವ ಸ್ಪಾಂಜನ್ನು ಕೈಯಿಂದ ಹರಿದು, ಹರಿದ ಮುಖವನ್ನು ಕೆಂಗಂದು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ಬಹುಪಾಲು ಬಣ್ಣ ಕಳೆದು, ಉಳಿದದ್ದನ್ನು ಅಲ್ಲಲ್ಲಿ ತಟ್ಟಿ. ಮೂರನೆಯ ಸಲ ಇನ್ನೂ ತಿಳಿಯಾದ ಕಂದು. ಕಿತ್ತಳೆ ಕೊನೆಗೆ, ಅದೂ ತುಕ್ಕು ಈಗಲೂ ಹರಡುತ್ತಿರುವ ಅಂಚುಗಳಲ್ಲಿ ಮಾತ್ರ. ಪ್ರತಿ ಸಲವೂ ಹಿಂದಿನದು ಅಷ್ಟಿಷ್ಟು ಇಣುಕುತ್ತಿರಲಿ.

ಚಿತ್ರಕಾರರ ಬಣ್ಣಗಳಲ್ಲಿ ಬರ್ನ್ಟ್ ಸಿಯೆನ್ನಾ, ರಾ ಸಿಯೆನ್ನಾ, ಬರ್ನ್ಟ್ ಅಂಬರ್ ಎಂಬ ಮೂರನ್ನು ಕೊಂಡಿಟ್ಟುಕೊಳ್ಳಿ. ಇವು ತುಕ್ಕಿಗೆ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣ ಇದೆ: ಈ ಮಣ್ಣುಬಣ್ಣಗಳಿಗೆ ರಂಗು ಬಂದಿರುವುದೇ ಕಬ್ಬಿಣದ ಆಕ್ಸೈಡ್‌ನಿಂದ. ರಾ ಸಿಯೆನ್ನಾದಲ್ಲಿ ಅದು ನೀರಿನ ಅಂಶ ಕೂಡಿದ ಹಳದಿ ರೂಪದಲ್ಲಿರುತ್ತದೆ. ಕಾಯಿಸಿದಾಗ ಆ ನೀರು ಹೋಗಿ ಕೆಂಪು ಬರ್ನ್ಟ್ ಸಿಯೆನ್ನಾ ಆಗುತ್ತದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಕೂಡ ಇರುವುದರಿಂದ ಅದು ಕಡು.

ತುಕ್ಕಿನ ಪದರ ಪೂರ್ತಿ ಒಣಗಿದ ಮೇಲೆ ಅದನ್ನು ಲ್ಯಾಕರ್ ಮಾದರಿಯ ಮಂಕು ವಾರ್ನಿಷ್‌ನಿಂದ ಭದ್ರ ಮಾಡಿ. ಮುಂದೆ ನೀರು ಹಾಕಿ ಉಜ್ಜುವುದಿದೆ, ಈ ವಾರ್ನಿಷ್ ಇಲ್ಲದಿದ್ದರೆ ಮಾಡಿದ್ದೆಲ್ಲ ಎದ್ದುಬರುತ್ತದೆ. ಒಂದು ದಿನ ಒಣಗಲು ಬಿಡಿ. ಆಮೇಲೆ ತಲೆಗೂದಲಿಗೆ ಹೊಡೆಯುವ ಸಾಮಾನ್ಯ ಹೇರ್‌ಸ್ಪ್ರೇಯನ್ನು ಒಂದಡಿ ದೂರದಿಂದ ತೆಳ್ಳಗೆ ಎರಡು ಸಲ ಹೊಡೆಯಿರಿ. ಅದು ಒಣಗಿದ ಕೂಡಲೇ ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಕಾರಿನ ಬಣ್ಣ. ಇಲ್ಲಿ ಬಣ್ಣದ ಜಾತಿ ಮುಖ್ಯ. ಟಮಿಯಾ ಕಂಪನಿಯ ಅಕ್ರಿಲಿಕ್ ಅನ್ನು ಅದರ ಥಿನ್ನರ್ ಬದಲು ನೀರಿನಲ್ಲಿ ತೆಳುಮಾಡಿ ಹೊಡೆದರೆ ಚಿಕ್ಕ ಚಿಕ್ಕ ಚಕ್ಕೆಗಳಾಗಿ ಏಳುತ್ತದೆ. ಆಲ್ಕೊಹಾಲ್ ಇರುವ ಥಿನ್ನರ್ ಅಡಿಯ ಹೇರ್‌ಸ್ಪ್ರೇಯನ್ನೇ ಕದಡುವುದುಂಟು. ವ್ಯಾಲೆಹೋ ಕಂಪನಿಯ ಥರದ ಅಕ್ರಿಲಿಕ್ ಬಣ್ಣಗಳು ರಬ್ಬರಿನ ಪೊರೆ ಕಟ್ಟುವುದರಿಂದ ಸಿಪ್ಪೆ ಸಿಪ್ಪೆಯಾಗಿ ಸುಲಿಯುತ್ತವೆ. ಎನಾಮೆಲ್ ಅಥವಾ ಲ್ಯಾಕರ್ ಹೊಡೆದರೆ ನೀರು ಒಳಗೇ ಇಳಿಯುವುದಿಲ್ಲ.

ಕಾರಿನ ಬಣ್ಣ ಮುಟ್ಟಲು ಒಣಗಿದೆ ಎನ್ನಿಸಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕಳಚುವ ಕೆಲಸ ಶುರುಮಾಡಿ. ರಾತ್ರಿಯಿಡೀ ಬಿಟ್ಟರೆ ಬಣ್ಣ ಹಟ ಹಿಡಿಯುತ್ತದೆ. ಅಂಗೈಯಗಲದ ಜಾಗಕ್ಕೆ ಮಾತ್ರ ಉಗುರುಬೆಚ್ಚಗಿನ ನೀರು ಸವರಿ ಅರ್ಧ ನಿಮಿಷ ಕಾಯಿರಿ. ನೀರು ಬಣ್ಣದ ಸಣ್ಣ ರಂಧ್ರಗಳಿಂದ ಇಳಿದು ಹೇರ್‌ಸ್ಪ್ರೇಯನ್ನು ಕರಗಿಸುತ್ತದೆ, ಮೇಲಿನ ಬಣ್ಣಕ್ಕೆ ಹಿಡಿತ ತಪ್ಪುತ್ತದೆ. ತುದಿ ಕತ್ತರಿಸಿ ಮೋಟುಮಾಡಿದ ಬ್ರಷ್‌ನಿಂದ ಬಾಗಿಲ ಕೆಳ ಅಂಚಿನಲ್ಲಿ ಮೆಲ್ಲಗೆ ಕುಕ್ಕಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸೂಜಿಮೊನೆಯಷ್ಟು ಕಂದು ಕಾಣುತ್ತದೆ, ಮತ್ತೆರಡು ಸಲ ಕುಕ್ಕಿದರೆ ಅದರ ಪಕ್ಕದ ಚಕ್ಕೆ ತಾನಾಗಿ ಜಾರುತ್ತದೆ. ಅಲ್ಲಿಂದ ಬಣ್ಣವೇ ದಾರಿ ತೋರಿಸುತ್ತದೆ, ನೀವು ತಡೆಯುವ ಕೆಲಸ ಮಾಡಿದರೆ ಸಾಕು. ಗೀರುಗಳಿಗೆ ಟೂತ್‌ಪಿಕ್, ಬಾನೆಟ್‌ನಂಥ ಅಗಲ ಜಾಗದಲ್ಲಿ ಸವೆತ ತೋರಿಸಲು ಒದ್ದೆ ಬಟ್ಟೆ. ಕೈ ತಡೆದು ಮಾಡುವುದು ಇಲ್ಲಿ ನಿಜಕ್ಕೂ ಕಷ್ಟ, ಯಾಕೆಂದರೆ ಬಣ್ಣ ಏಳುವುದನ್ನು ನೋಡುವುದೇ ಖುಷಿ. ಒಂದೊಂದು ಬದಿ ಮುಗಿಸಿ, ಕಾರನ್ನು ತೋಳಿನ ದೂರದಲ್ಲಿಟ್ಟು ನೋಡಿ, ಆಮೇಲೆ ಮುಂದುವರಿಸಿ. ಸಾಕೆನಿಸಿದಾಗ ಮತ್ತೆ ವಾರ್ನಿಷ್ ಹೊಡೆದು ಮುಚ್ಚಿಬಿಡಿ, ಇಲ್ಲವಾದರೆ ಮುಂದೆ ನೀರು ತಾಗಿದಾಗಲೆಲ್ಲ ಕಳಚುತ್ತಲೇ ಇರುತ್ತದೆ.

ಪ್ರೈಮರ್‌ನ ಗೆರೆಯೂ ಕಾಣಬೇಕೆಂದರೆ ಹೇರ್‌ಸ್ಪ್ರೇ ಎರಡು ಹಂತದಲ್ಲಿ ಹೋಗಬೇಕು: ತುಕ್ಕು, ವಾರ್ನಿಷ್, ಹೇರ್‌ಸ್ಪ್ರೇ, ಪ್ರೈಮರ್ ಬಣ್ಣದ ಅಕ್ರಿಲಿಕ್, ಕಳಚಾಟ, ವಾರ್ನಿಷ್, ಮತ್ತೆ ಹೇರ್‌ಸ್ಪ್ರೇ, ಕಾರಿನ ಬಣ್ಣ. ಎರಡನೆಯ ಸಲ ಕಳಚುವಾಗ ತುಕ್ಕಿನ ಜಾಗಕ್ಕಿಂತ ಕೂದಲೆಳೆಯಷ್ಟು ಹೊರಗೆ ನಿಲ್ಲಿಸಿದರೆ ಆ ಗೆರೆ ತಾನೇ ಉಳಿಯುತ್ತದೆ. ಏರ್‌ಬ್ರಷ್ ಇಲ್ಲದವರು ತುಕ್ಕಿನ ಮೇಲೆ ಮಾಸ್ಕಿಂಗ್ ದ್ರವವನ್ನು (ಒಣಗಿದರೆ ಸುಲಿಯಬಹುದಾದ ಪೊರೆ ಕಟ್ಟುವಂಥದ್ದು) ಸ್ಪಾಂಜಿನಿಂದ ತಟ್ಟಿ, ಸ್ಪ್ರೇ ಡಬ್ಬಿಯಿಂದ ಬಣ್ಣ ಹೊಡೆದು, ಒಣಗಿದ ಮೇಲೆ ದ್ರವದ ಪೊರೆಯನ್ನು ಉಜ್ಜಿ ತೆಗೆಯಬಹುದು. ಒದ್ದೆ ಮಾಡಿ ಉಪ್ಪು ಉದುರಿಸುವ ಹಳೆಯ ವಿಧಾನವೂ ಇದೇ ತತ್ವದ್ದು.

ಬಿಸಿಲಿನ ಕೆಲಸ ಬೇರೆ, ನೀರಿನ ಕೆಲಸ ಬೇರೆ. ಬಿಸಿಲು ಮೇಲ್ಮುಖದ ಹಾಳೆಗಳನ್ನು ಹಿಡಿಯುತ್ತದೆ: ಚಾವಣಿ, ಬಾನೆಟ್, ಡಿಕ್ಕಿಯ ಮುಚ್ಚಳ. ನಿಮ್ಮ ಕಾರಿನ ಕಾಲದ ಬಣ್ಣಗಳು ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತಿದ್ದವು, ಕೆಂಪು ಕ್ರಮೇಣ ಗುಲಾಬಿಯಾಗುತ್ತಿತ್ತು. ಕಾರಿನ ಬಣ್ಣಕ್ಕೆ ತುಸು ಬಿಳಿ ಅಥವಾ ತಿಳಿಬೂದು ಬೆರೆಸಿ ಆ ಹಾಳೆಗಳ ನಡುವೆ ಮಾತ್ರ ಮಂಜಿನಷ್ಟು ಹೊಡೆಯಿರಿ, ಅಂಚುಗಳಲ್ಲಿ ಮೂಲ ಬಣ್ಣ ಉಳಿಯಲಿ. 1980ರ ದಶಕದ ಈಚಿನ ಕಾರಾದರೆ ಬಣ್ಣದ ಮೇಲಿನ ಪಾರದರ್ಶಕ ಪದರ ತೇಪೆ ತೇಪೆಯಾಗಿ ಸುಲಿದು, ಸುಲಿದ ಅಂಚು ಬೆಳ್ಳಗಾಗಿರುತ್ತದೆ. ನಿಮ್ಮದಕ್ಕೆ ಅದು ಬೇಡ.

ನೀರು ಇಳಿದ ಗುರುತಿಗೆ ತೈಲವರ್ಣ. ಟ್ಯೂಬಿನ ಬಣ್ಣವನ್ನು ರಟ್ಟಿನ ತುಂಡಿನ ಮೇಲೆ ಒಂದೆರಡು ಗಂಟೆ ಬಿಟ್ಟರೆ ಹೆಚ್ಚುವರಿ ಎಣ್ಣೆಯನ್ನು ರಟ್ಟು ಹೀರಿಕೊಂಡು ಹೊಳಪು ಹೋಗುತ್ತದೆ. ತುಕ್ಕಿನ ಕಲೆಯ ಕೆಳ ಅಂಚಿಗೆ ಬರ್ನ್ಟ್ ಸಿಯೆನ್ನಾದ ಒಂದು ಚುಕ್ಕೆ ಇಟ್ಟು, ವೈಟ್ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದ ಚಪ್ಪಟೆ ಬ್ರಷ್‌ನಿಂದ ಕೆಳಮುಖವಾಗಿ ಎಳೆಯಿರಿ. ಮೇಲೆ ಗಾಢ, ಕೆಳಗೆ ಬರುತ್ತ ಮಾಯ. ಎಳೆತ ಯಾವಾಗಲೂ ನೆಲದ ಕಡೆಗೇ ಇರಬೇಕು, ಮಡ್‌ಗಾರ್ಡ್‌ನ ಉಬ್ಬು ಬಂದರೆ ನೀರು ಅದನ್ನು ಬಳಸಿ ಹೋಗುವ ಹಾಗೆ ಗೆರೆಯೂ ಬಾಗಬೇಕು. ಎಲ್ಲ ಕಲೆಗೂ ಗೆರೆ ಎಳೆಯಬೇಡಿ. ಅಡಿಯಲ್ಲಿ ವಾರ್ನಿಷ್ ಇರುವುದರಿಂದ ಹಿಡಿಸದಿದ್ದರೆ ಸ್ಪಿರಿಟ್‌ನಿಂದ ಒರೆಸಿ ಮತ್ತೆ ಮಾಡಬಹುದು.

ಈಗ ನಿಮ್ಮ ಮಾಯವಾದ ಪುಡಿ. ಪಿಗ್ಮೆಂಟ್ ಮಂಕಾಗಿ, ತಿಳಿಯಾಗಿ ಕಾಣುವುದು ಅದರ ಕಣಗಳ ನಡುವೆ ಗಾಳಿ ಇರುವುದರಿಂದ. ವಾರ್ನಿಷ್ ಆ ಸಂದುಗಳನ್ನು ತುಂಬಿದ ಕೂಡಲೇ ಬಣ್ಣ ಕಡುವಾಗಿ, ಒರಟುತನ ಹೋಗಿ, ಪುಡಿ ಇಲ್ಲವಾದಂತೆ ಕಾಣುತ್ತದೆ. ಸ್ಪ್ರೇಯ ರಭಸಕ್ಕೆ ಒಂದಷ್ಟು ಹಾರಿಯೂ ಹೋಗುತ್ತದೆ. ಆದ್ದರಿಂದ ವಾರ್ನಿಷ್ ಕೆಲಸವೆಲ್ಲ ಮುಗಿದ ಮೇಲೆಯೇ ಪುಡಿ ಬರಬೇಕು. ಒಣ ಬ್ರಷ್‌ನಿಂದ ಮೂಲೆಗಳಿಗೆ ಇಟ್ಟು, ಪಕ್ಕದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಪಿಗ್ಮೆಂಟ್ ಫಿಕ್ಸರ್‌ನ ಒಂದು ಹನಿ ಮುಟ್ಟಿಸಿ, ಅದು ತಾನಾಗಿ ಹರಿದು ಪುಡಿಯನ್ನು ನೆನೆಸಲಿ. ಆಲ್ಕೊಹಾಲ್ ಹೆಚ್ಚಾದರೆ ಅಡಿಯ ಅಕ್ರಿಲಿಕ್ ಕರಗಬಹುದು, ಹನಿ ಚಿಕ್ಕದಿರಲಿ. ಹೀಗೆ ಕೂರಿಸಿದ ಪುಡಿ ಬೆರಳು ಉಜ್ಜಿದರೆ ಬರುತ್ತದೆ, ಹಾಗಾಗಿ ಆಮೇಲೆ ಕಾರನ್ನು ಅಡಿಯಿಂದ ಹಿಡಿದೇ ಎತ್ತಬೇಕು.

ನಿಜವಾದ ತುಕ್ಕನ್ನು ಬೆಳೆಸಬಹುದು. ಉಕ್ಕಿನ ಸಣ್ಣ ಎಳೆಗಳ ಉಂಡೆಯಾದ ಸ್ಟೀಲ್ ವುಲ್ ಅನ್ನು ವಿನೆಗರ್‌ನಲ್ಲಿ ಅದ್ದಿ ತೆಗೆದು, ಒದ್ದೆಯಾಗಿಯೇ ಗಾಳಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ತುಕ್ಕಾಗುತ್ತದೆ. ಪೂರ್ತಿ ಒಣಗಿಸಿ, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿದರೆ ಒಳ್ಳೆಯ ಪಿಗ್ಮೆಂಟ್ ಸಿಗುತ್ತದೆ. ಕಬ್ಬಿಣದ ಪುಡಿ ಬೆರೆತ ಬಣ್ಣ ಬಳಿದು ಮೇಲೆ ದ್ರಾವಣ ಸಿಂಪಡಿಸಿ ತುಕ್ಕು ಬರಿಸುವ ಕಿಟ್‌ಗಳೂ ಇವೆ. ಆದರೆ ನಿಜವೆಂಬ ಒಂದೇ ಕಾರಣಕ್ಕೆ ಅದು ನಿಜದಂತೆ ಕಾಣುವುದಿಲ್ಲ. ಮಾದರಿ 24 ಪಟ್ಟು ಕುಗ್ಗಿದೆ, ತುಕ್ಕಿನ ಕಣ ಕುಗ್ಗಿಲ್ಲ. ಜೊತೆಗೆ ಆ ದ್ರಾವಣ ಎಲ್ಲಿಯವರೆಗೆ ಹಬ್ಬಬೇಕೆಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಸೈಲೆನ್ಸರ್, ಸ್ಪ್ರಿಂಗ್ ಪಟ್ಟಿ, ಡಿಕ್ಕಿಯ ನೆಲ, ಇಷ್ಟಕ್ಕೆ ಅದನ್ನು ಬಳಸಿ, ಬಾಡಿಯ ಮೇಲೆ ಬಣ್ಣವೇ ಇರಲಿ. ವಿನೆಗರ್ ಹತ್ತಿರ ಬ್ಲೀಚ್ ಸುಳಿಯದಂತೆ ಮಾತ್ರ ನೋಡಿಕೊಳ್ಳಿ, ಎರಡೂ ಬೆರೆತರೆ ವಿಷಗಾಳಿ ಏಳುತ್ತದೆ. ಕಿಟ್‌ನ ಕ್ರೋಮ್ ಕಳೆಯಲು ಬ್ಲೀಚ್ ಬಳಸುವವರಿಗೆ ಈ ಎಚ್ಚರ ಹೆಚ್ಚು ಬೇಕು.

ಕ್ರೋಮ್ ಬಂಪರ್‌ಗೆ ಅಗಲ ಕಲೆ ಬೇಡ, ಸೂಜಿಮೊನೆಯ ಕಂದು ಚುಕ್ಕೆಗಳ ಗುಂಪು ಸಾಕು. ಕ್ರೋಮ್‌ನ ಅಡಿಯ ಉಕ್ಕು ಅಂಥ ಸಣ್ಣ ರಂಧ್ರಗಳಿಂದಲೇ ತುಕ್ಕಾಗುವುದು. ಬಿಟ್ಟುಹೋದ ಕಾರಿನ ಟೈರ್‌ನಲ್ಲಿ ಗಾಳಿ ಇರುವುದಿಲ್ಲ, ಅಡಿಯನ್ನು ಸ್ಯಾಂಡ್‌ಪೇಪರ್‌ನಲ್ಲಿ ಚಪ್ಪಟೆ ಮಾಡಿ, ರಬ್ಬರಿಗೆ ಬೂದುಬಣ್ಣದ ಛಾಯೆ ಕೊಡಿ. ಡಿಸ್ಕ್ ಬ್ರೇಕ್ ಇದ್ದರೆ ಅದು ಪೂರ್ತಿ ತುಕ್ಕಾಗಿರಲಿ. ಓಡುವ ಕಾರಿನಲ್ಲಷ್ಟೇ ಬ್ರೇಕ್ ಪ್ಯಾಡ್ ಉಜ್ಜಿ ಡಿಸ್ಕ್ ಬೆಳ್ಳಗಿರುತ್ತದೆ.

ನಿಮ್ಮ ಈಗಿನ ಕಾರನ್ನು ಕೆಡವಿ ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಕಂದು, ಕಿತ್ತಳೆ ಹಚ್ಚಿ ವಾರ್ನಿಷ್ ಹೊಡೆದ ಬಾಡಿ ಅಂದರೆ ತುಕ್ಕಿನ ಅಡಿಪದರ ಆಗಲೇ ಸಿದ್ಧವಾಗಿದೆ ಎಂದೇ ಅರ್ಥ. ಸಡಿಲವಾಗಿ ಉಳಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಾಗಿಲ ಕೆಳ ಅಂಚನ್ನೂ ಮಡ್‌ಗಾರ್ಡ್‌ನ ತುಟಿಯನ್ನೂ ಒಳಗಿನಿಂದ ಕೆರೆದು ತೆಳುಮಾಡಿಕೊಳ್ಳಿ. ಗುರುತಿನ ಜಾಗಗಳಲ್ಲಿ ಕಿತ್ತಳೆ ಹೆಚ್ಚೆನಿಸಿದರೆ ಸ್ಪಾಂಜಿನಿಂದ ಕಡುಗಂದು ತಟ್ಟಿ ತಗ್ಗಿಸಿ, ಅಲ್ಲಿಗೆ ಇನ್ನೊಮ್ಮೆ ಲ್ಯಾಕರ್ ವಾರ್ನಿಷ್ ಕೊಟ್ಟು ಒಣಗಿಸಿ. ಆಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಆ ಕಾರು ಹೊಸದಾಗಿದ್ದಾಗ ಯಾವ ಬಣ್ಣದ್ದಿತ್ತೆಂದು ನೀವು ಅಂದುಕೊಂಡಿದ್ದೀರೋ ಆ ಬಣ್ಣ. ತಿಳಿನೀಲಿ ಅಥವಾ ಕೆನೆಬಣ್ಣ ಆರಿಸಿಕೊಂಡರೆ ತುಕ್ಕು ಚೆನ್ನಾಗಿ ಎದ್ದು ಕಾಣುತ್ತದೆ.